ಪ್ರಕಟ, ಬಯಲು, ಬಹಿರಂಗ: ಯಾವ ಮಾತು ಎಲ್ಲಿಗೆ?

(ಹೊಸದಾಗಿ ವೃತ್ತಿಗೆ ಬಂದ ವರದಿಗಾರರು, ಅನುವಾದಕರು ಮತ್ತು ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡುವವರಿಗಾಗಿ ಧಾರವಾಡದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಿಂದಲೇ ಶುರು ಮಾಡೋಣ. ಪೇಟೆಯ ದಿನ ರೈತರ ಚೀಲಗಳು ದಲಾಲಿ ಅಂಗಡಿಗಳ ಮುಂದೆ ಬಂದು ಬೀಳುತ್ತವೆ. ಒಬ್ಬೊಬ್ಬರ ಮಾಲಿಗೆ ಒಂದೊಂದು ಲಾಟ್ ನಂಬರು. ಖರೀದಿದಾರರು ಸಾಲಿನುದ್ದಕ್ಕೂ ನಡೆದು ಕಾಯಿಯ ಬಣ್ಣ ನೋಡುತ್ತಾರೆ, ಮುಷ್ಟಿಯಲ್ಲಿ ಹಿಡಿದು ತೇವ ಎಷ್ಟಿದೆ ಎಂದು ಅಂದಾಜು ಮಾಡುತ್ತಾರೆ, ಆಮೇಲೆ ತಮ್ಮ ದರವನ್ನು ಟೆಂಡರಿಗೆ ಹಾಕುತ್ತಾರೆ. ಒಬ್ಬರು ಹಾಕಿದ ದರ ಇನ್ನೊಬ್ಬರಿಗೆ ಕಾಣಬಾರದು. ಟೆಂಡರ್ ಪದ್ಧತಿ ನಿಂತಿರುವುದೇ ಅದರ ಮೇಲೆ.

ಒಂದು ಲಾಟಿಗೆ ಒಬ್ಬರು ಕ್ವಿಂಟಲಿಗೆ 32,000 ರೂಪಾಯಿ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಗೊತ್ತುಮಾಡಿದ ಹೊತ್ತಿಗೆ ಟೆಂಡರ್ ತೆರೆದು ಆ ದರ ಎಲ್ಲರಿಗೂ ತಿಳಿದರೆ ದರ ‘ಪ್ರಕಟವಾಯಿತು’. ತೆರೆಯುವ ಮುಂಚೆಯೇ ಪಕ್ಕದ ಖರೀದಿದಾರರ ಕಿವಿಗೆ ಬಿದ್ದರೆ ದರ ‘ಸೋರಿತು’. ಇಬ್ಬರು ಮೂವರು ಮೊದಲೇ ಮಾತಾಡಿಕೊಂಡು ದರ ಹಾಕಿದ್ದರು ಎಂಬುದು ತಿಂಗಳ ನಂತರ ಗೊತ್ತಾದರೆ ಒಳಒಪ್ಪಂದ ‘ಬಯಲಾಯಿತು’. ಆ ಲಾಟಿಗೆ ಯಾರ್ಯಾರು ಎಷ್ಟೆಷ್ಟು ಹಾಕಿದ್ದರು ಎಂಬ ಪೂರ್ತಿ ಪಟ್ಟಿಯನ್ನು, ಅದನ್ನು ಕೈಯಲ್ಲಿಟ್ಟುಕೊಂಡವರೇ ನಾಲ್ಕು ಜನರ ಮುಂದೆ ತೆರೆದಿಟ್ಟರೆ ಅದನ್ನು ‘ಬಹಿರಂಗಪಡಿಸಿದರು’.

ನಾಲ್ಕೂ ಕಡೆ ಗೊತ್ತಿರದಿದ್ದದ್ದು ಗೊತ್ತಾಗಿದೆ. ಆದರೂ ಒಂದರ ಜಾಗಕ್ಕೆ ಇನ್ನೊಂದನ್ನು ಇಟ್ಟರೆ ಸುದ್ದಿಯೇ ಬೇರೆಯಾಗುತ್ತದೆ. ‘ಎಸ್ಸೆಸ್ಸೆಲ್ಸಿ ಫಲಿತಾಂಶ ಬಹಿರಂಗ’ ಎಂದು ತಲೆಬರಹ ಕೊಟ್ಟರೆ, ಮಂಡಳಿಯವರು ಏನನ್ನೋ ಮುಚ್ಚಿಟ್ಟಿದ್ದರು ಎಂಬ ಅನುಮಾನವನ್ನು ನಾವೇ ಹುಟ್ಟಿಸಿದಂತೆ. ಫಲಿತಾಂಶಕ್ಕೆ ಒಂದು ದಿನ ಇರುತ್ತದೆ, ಆ ದಿನ ಅದು ಪ್ರಕಟವಾಗುತ್ತದೆ, ಅಷ್ಟೇ. ಹಾಗಾಗಿ ‘ಬಹಿರಂಗ’ ಎಂದು ಬರೆಯುವ ಮುಂಚೆ ಮೂರು ವಿಷಯ ನೋಡಬೇಕು. ಇದು ಮೊದಲು ಮುಚ್ಚಿಟ್ಟದ್ದೋ, ಸುಮ್ಮನೆ ಗೊತ್ತಿರದಿದ್ದದ್ದೋ? ತೆರೆದವರು ಯಾರು? ತೆರೆದದ್ದು ಯಾರ ಮುಂದೆ?

ಪದದ ಹುಟ್ಟನ್ನು ಸ್ವಲ್ಪ ನೋಡಿ. ಬಹಿರಂಗವನ್ನು ‘ಬಹಿ’ ಮತ್ತು ‘ರಂಗ’ ಎಂದು ಒಡೆದು, ಹೊರಗಿನ ರಂಗಸ್ಥಳ ಎಂದು ಅರ್ಥ ಹೇಳುವವರಿದ್ದಾರೆ. ಅದು ತಪ್ಪು. ಸಂಸ್ಕೃತದ ‘ಬಹಿಸ್’ ಎಂದರೆ ಹೊರಗೆ, ಅದಕ್ಕೆ ‘ಅಂಗ’ ಸೇರಿ ಬಹಿರಂಗ, ‘ಅಂತರ್’ಗೆ ‘ಅಂಗ’ ಸೇರಿ ಅಂತರಂಗ ಆದ ಹಾಗೆ. ನಡುವಿನ ರಕಾರ ಸಂಧಿಯಿಂದ ಬಂದದ್ದು. ಸಂಸ್ಕೃತ ವ್ಯಾಕರಣದಲ್ಲಿ ಅಂತರಂಗ ಕಾರ್ಯ, ಬಹಿರಂಗ ಕಾರ್ಯ ಎಂಬ ಪರಿಭಾಷೆಯೇ ಇದೆ, ಅಲ್ಲಿ ಗುಟ್ಟಿನ ಮಾತೇ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ‘ಇದೇ ಅಂತರಂಗಶುದ್ಧಿ, ಇದೇ ಬಹಿರಂಗಶುದ್ಧಿ’ ಎಂದಾಗಲೂ ಬಹಿರಂಗ ಎಂದರೆ ಹೊರಗಿನ ನಡತೆ, ಹೊರಮೈ. ‘ಮುಚ್ಚಿಟ್ಟದ್ದನ್ನು ತೆರೆಯುವುದು’ ಎಂಬ ಇಂದಿನ ಅರ್ಥ ಬರುವುದು ಅದಕ್ಕೆ ‘ಪಡಿಸು’ ಸೇರಿದಾಗ.

ಹಳೆಯ ಅರ್ಥ ಸತ್ತಿಲ್ಲ, ಪಕ್ಕದಲ್ಲೇ ಬದುಕಿದೆ. ಬಹಿರಂಗ ಸಭೆ, ಬಹಿರಂಗ ಹರಾಜು, ಬಹಿರಂಗ ಪತ್ರ, ಬಹಿರಂಗ ಪ್ರಚಾರ, ಇಲ್ಲೆಲ್ಲ ಅದು ‘ಎಲ್ಲರಿಗೂ ತೆರೆದದ್ದು’ ಎಂದಷ್ಟೇ ಹೇಳುತ್ತದೆ. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲುತ್ತದೆ ಎನ್ನುವಾಗ ಯಾವ ಗುಟ್ಟೂ ಹೊರಗೆ ಬೀಳುವುದಿಲ್ಲ. ನಾಮಪದದ ಮುಂದೆ ವಿಶೇಷಣವಾಗಿ ಬಂದರೆ ‘ತೆರೆದ’, ‘ಪಡಿಸು’ ಸೇರಿ ಕ್ರಿಯಾಪದವಾದರೆ ‘ಮುಚ್ಚಿದ್ದನ್ನು ತೆರೆ’. ಅನುವಾದಕರು ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ತಪ್ಪು ಕಡಿಮೆಯಾಗುತ್ತವೆ. ಬರೆಯುವಾಗ ‘ಬಹಿರಂಗಪಡಿಸು’ ಒಂದೇ ಪದ, ನಡುವೆ ಜಾಗ ಬೇಡ. ಮೊದಲ ಅಕ್ಷರ ಅಲ್ಪಪ್ರಾಣ, ‘ಭಹಿರಂಗ’ ಎಂಬ ಪದ ಇಲ್ಲ.

ನಮ್ಮ ಕಡೆಯ ಆಡುಮಾತಿನಲ್ಲಿ ‘ಬಹಿರಂಗಪಡಿಸು’ ಅಷ್ಟಾಗಿ ಇಲ್ಲ. ‘ಎಲ್ಲಾ ಬಾಯಿಬಿಟ್ಟ’, ‘ಗುಟ್ಟು ರಟ್ಟಾತು’, ‘ಅವನ ಬಣ್ಣ ಬಯಲಾತು’, ‘ಸುದ್ದಿ ಹೊರಗ ಬಿತ್ತು’, ‘ಊರಿಗೆಲ್ಲಾ ಡಂಗುರ ಸಾರಿದ’ ಎನ್ನುತ್ತೇವೆ. ಈ ಒಂದೊಂದರಲ್ಲೂ ಯಾರು, ಹೇಗೆ ಎಂಬುದು ಒಳಗೇ ಕೂತಿದೆ. ಬಾಯಿಬಿಟ್ಟವನು ಗೊತ್ತಿದ್ದೂ ಸುಮ್ಮನಿದ್ದವನು, ಒತ್ತಾಯಕ್ಕೆ ಹೇಳಿದ. ರಟ್ಟಾಯಿತು ಎಂದರೆ ಯಾರೂ ಬೇಕೆಂದು ಹೇಳಿರಲಿಕ್ಕಿಲ್ಲ. ಡಂಗುರ ಸಾರಿದವನು ಎಷ್ಟು ಜನಕ್ಕೆ ಬೇಕೋ ಅದಕ್ಕಿಂತ ಹೆಚ್ಚು ಜನಕ್ಕೆ ಹೇಳಿದ. ಮುಂಬೈ ಆಡಳಿತದ ಕಾಲದ ಮರಾಠಿ ಒಡನಾಟದಿಂದ ನಮಗೆ ‘ಜಾಹೀರು’ ಕೂಡ ಇದೆ. ಮೂಲ ಅರಬ್ಬಿಯ ‘ಜಾಹಿರ್’, ಎದ್ದು ಕಾಣುವಂಥದ್ದು ಎಂದು ಅರ್ಥ. ಜಾಹೀರಾತು ಹುಟ್ಟಿದ್ದು ಅದರಿಂದಲೇ. ಜಾಹೀರು ಮಾಡಿದ್ದು ಗುಟ್ಟಾಗಿರಬೇಕೆಂದೇನೂ ಇಲ್ಲ, ಎಲ್ಲರಿಗೂ ಗೊತ್ತಾಗಲಿ ಎಂದು ಹೇಳಿದ್ದಾದರೆ ಸಾಕು. ಪೇಪರಿನ ಭಾಷೆ ಇಷ್ಟೊಂದು ಮಾತುಗಳನ್ನು ಬಿಟ್ಟು ಒಂದೇ ‘ಬಹಿರಂಗ’ಕ್ಕೆ ಜೋತುಬಿದ್ದಿರುವುದು ನಷ್ಟವೇ. ‘ಆರೋಪಿ ವಿಚಾರಣೆ ವೇಳೆ ಬಹಿರಂಗಪಡಿಸಿದ್ದಾನೆ’ ಎನ್ನುವ ಕಡೆ ‘ಬಾಯಿಬಿಟ್ಟಿದ್ದಾನೆ’ ಎಂಬುದು ಹೆಚ್ಚು ಖಚಿತ, ಏಕೆಂದರೆ ಅವನು ಹೇಳಿದ್ದು ಪೊಲೀಸರ ಮುಂದೆ, ಊರ ಮುಂದಲ್ಲ.

ಇಲ್ಲಿಂದ ವ್ಯಾಕರಣದ ಒಂದು ಸೂಕ್ಷ್ಮಕ್ಕೆ ಬರೋಣ. ‘ಅವಳು ತನ್ನ ಗೆಳತಿಗೆ ವಿಷಯ ಬಹಿರಂಗಪಡಿಸಿದಳು’ ಎಂದು ಓದಿ ನೋಡಿ, ಕಿವಿಗೆ ಕಿರಿಕಿರಿಯಾಗುತ್ತದೆ. ಒಬ್ಬರಿಗೆ ಹೇಳುವುದಕ್ಕೆ ಕನ್ನಡದಲ್ಲಿ ಹೇಳು, ತಿಳಿಸು, ಬಿಚ್ಚಿ ಹೇಳು, ತೋಡಿಕೊಳ್ಳು ಎಂಬ ಮಾತುಗಳಿವೆ. ಬಹಿರಂಗದೊಳಗೆ ‘ಎಲ್ಲರ ಮುಂದೆ’ ಎಂಬುದು ಮೊದಲೇ ಇರುವುದರಿಂದ ಅದಕ್ಕೆ ಚತುರ್ಥಿಯ ‘-ಗೆ’ ಒಗ್ಗುವುದಿಲ್ಲ. ಕಾನೂನಿನ ಅನುವಾದದಲ್ಲಿ ಮಾತ್ರ ಇದು ಬೇಕಾಗಿಯೇ ಬರುತ್ತದೆ. ಬ್ಯಾಂಕಿನ ಕರಾರಿನಲ್ಲಿ ‘ಯಾವುದೇ ಮೂರನೆಯ ವ್ಯಕ್ತಿಗೆ ಬಹಿರಂಗಪಡಿಸತಕ್ಕದ್ದಲ್ಲ’ ಎಂದಿರುತ್ತದೆ, ಏಕೆಂದರೆ ಅಲ್ಲಿ ಒಬ್ಬರಿಗೆ ಗೊತ್ತಾದರೂ ಗುಟ್ಟು ಮುರಿದಂತೆಯೇ. ಕರಾರಿನಲ್ಲಿ ಅದಿರಲಿ. ಅದೇ ಕರಾರನ್ನು ಗ್ರಾಹಕರಿಗೆ ವಿವರಿಸುವ ಕೈಪಿಡಿಯಲ್ಲಿ ‘ಯಾರಿಗೂ ಹೇಳುವಂತಿಲ್ಲ, ಕೊಡುವಂತಿಲ್ಲ’ ಎಂದು ಬರೆಯಿರಿ. ‘ಒಟಿಪಿಯನ್ನು ಬಹಿರಂಗಪಡಿಸಬೇಡಿ’ ಎಂದು ಓದಿದ ಗ್ರಾಹಕ, ತಾನು ಅದನ್ನು ನಾಲ್ಕು ಜನರ ಮುಂದೆ ಹೇಳಲಿಲ್ಲವಲ್ಲ, ಫೋನಿನಲ್ಲಿ ಬ್ಯಾಂಕಿನವರೆಂದ ಒಬ್ಬರಿಗೆ ಮಾತ್ರ ಹೇಳಿದೆನಲ್ಲ ಎಂದುಕೊಂಡರೆ ತಪ್ಪು ಆ ವಾಕ್ಯದ್ದು. ‘ಒಟಿಪಿಯನ್ನು ಯಾರಿಗೂ ಹೇಳಬೇಡಿ, ಬ್ಯಾಂಕಿನವರು ಕೇಳಿದರೂ ಹೇಳಬೇಡಿ’ ಎಂದರೆ ಆ ಗೊಂದಲವೇ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ವರದಿಗಾರರು ದಯವಿಟ್ಟು ಗಮನಿಸಬೇಕು. ಈ ಎರಡು ವಾಕ್ಯ ನೋಡಿ:

‘ಗುತ್ತಿಗೆದಾರರು ಹಣ ಪಡೆದರೆಂದು ಅವರು ಹೇಳಲಿಲ್ಲ.’

‘ಗುತ್ತಿಗೆದಾರರು ಹಣ ಪಡೆದದ್ದನ್ನು ಅವರು ಬಹಿರಂಗಪಡಿಸಲಿಲ್ಲ.’

ಎರಡರಲ್ಲೂ ನಿಷೇಧವಿದೆ. ಮೊದಲನೆಯದರಲ್ಲಿ ಗುತ್ತಿಗೆದಾರರು ಹಣ ಪಡೆದರೋ ಇಲ್ಲವೋ ನಮಗೆ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ ಪಡೆದದ್ದು ಖರೆ, ಬಾಯಿಬಿಡದಿದ್ದುದು ಮಾತ್ರ ಸುದ್ದಿ. ‘ಇಲ್ಲ’ ಎಂದರೂ ಒಳಗಿನ ಸಂಗತಿ ಅಲುಗುವುದಿಲ್ಲ. ಹೇಳು, ಆರೋಪಿಸು, ದೂರು, ವಾದಿಸು, ಇವು ಮಾತಿನ ಹೊಣೆಯನ್ನು ಆಡಿದವರ ಮೇಲೆ ಬಿಡುತ್ತವೆ. ಬಹಿರಂಗಪಡಿಸು, ಬಯಲಿಗೆಳೆ, ಹೊರಗೆಡಹು, ಇವು ಹೊಣೆಯನ್ನು ಬರೆದವರ ಮೇಲೆ ಹೊರಿಸುತ್ತವೆ.

ಕನ್ನಡ ಇದನ್ನು ಪ್ರತ್ಯಯದಲ್ಲೇ ತೋರಿಸುತ್ತದೆ. ‘ಎಂದು’ ಬಂದರೆ ಇನ್ನೊಬ್ಬರ ಮಾತು, ‘-ದ್ದನ್ನು’, ‘-ಉದನ್ನು’, ‘ಎಂಬುದನ್ನು’ ಬಂದರೆ ನಡೆದ ಸಂಗತಿ. ‘ಹಣ ಪಡೆದಿದ್ದಾರೆ ಎಂದು ಬಹಿರಂಗಪಡಿಸಿದರು’ ಎಂಬ ವಾಕ್ಯ ಈಗ ದಿನವೂ ಕಾಣುತ್ತದೆ. ಅದರಲ್ಲಿ ‘ಎಂದು’ ಒಂದು ಕಡೆ ಜಗ್ಗುತ್ತದೆ, ‘ಬಹಿರಂಗ’ ಇನ್ನೊಂದು ಕಡೆ. ಬರೆದವರಿಗೆ ಆ ಸಂಗತಿಯ ಬಗ್ಗೆ ಖಾತ್ರಿಯಿಲ್ಲ, ಆದರೂ ದೊಡ್ಡ ಪದ ಬೇಕಾಗಿದೆ ಎಂದೇ ಆ ಜಗ್ಗಾಟದ ಅರ್ಥ. ಖಾತ್ರಿಯಿಲ್ಲದಿದ್ದರೆ ‘ಎಂದು ಆರೋಪಿಸಿದರು’. ಖಾತ್ರಿಯಿದ್ದು ಕೈಯಲ್ಲಿ ಕಾಗದವೂ ಇದ್ದರೆ ‘ಎಂಬುದನ್ನು ಬಹಿರಂಗಪಡಿಸಿದರು’, ಮತ್ತು ಆ ಕಾಗದ ಯಾವುದೆಂದು ಮುಂದಿನ ಸಾಲಿನಲ್ಲೇ ಹೇಳಿ. ಪತ್ರಿಕಾಗೋಷ್ಠಿಯಲ್ಲಿ ಒಬ್ಬ ನಾಯಕರು ಇನ್ನೊಬ್ಬರ ಮೇಲೆ ಮಾಡಿದ ಆರೋಪಕ್ಕೆ ‘ಅಕ್ರಮ ಬಹಿರಂಗ’ ಎಂದು ತಲೆಬರಹ ಕೊಟ್ಟರೆ, ಆ ಆರೋಪಕ್ಕೆ ಪೇಪರು ತನ್ನ ರುಜು ಹಾಕಿದಂತೆ. ಮಾನನಷ್ಟದ ನೋಟಿಸು ಬಂದಾಗ ‘ಅವರು ಹೇಳಿದ್ದನ್ನು ಬರೆದೆವು’ ಎಂಬ ಸಮಾಧಾನ ಆ ತಲೆಬರಹಕ್ಕೆ ಆಸರೆಯಾಗುವುದಿಲ್ಲ.

ಇನ್ನು ಕರ್ತೃವಿನ ವಿಷಯ. ‘ಬಹಿರಂಗವಾಗಿದೆ’, ‘ಬಹಿರಂಗಪಡಿಸಲಾಗಿದೆ’ ಎಂಬ ಎರಡು ರೂಪಗಳಲ್ಲಿ ಯಾರು ಎಂಬುದು ಮಾಯವಾಗುತ್ತದೆ. ತೆರೆಯುವ ಕ್ರಿಯೆಯನ್ನು ಹೇಳುವ ಪದವೇ ತೆರೆದವರನ್ನು ಮುಚ್ಚಿಡುವ ಪರಿ ಇದು. ಮೂಲದವರನ್ನು ಕಾಪಾಡಬೇಕಾದ ವರದಿಯಲ್ಲಿ ಅದು ಬೇಕು. ಬೇಕಿಲ್ಲದ ಕಡೆ ಅದು ಬರೀ ಸೋಮಾರಿತನ.

ಚುನಾವಣಾ ಬಾಂಡುಗಳ ಪ್ರಕರಣ ಇದಕ್ಕೆ ತಕ್ಕ ಉದಾಹರಣೆ. ಹೆಸರು ಹೊರಗೆ ಬರದಂತೆ ಪಕ್ಷಗಳಿಗೆ ದೇಣಿಗೆ ಕೊಡಲು ಸ್ಟೇಟ್ ಬ್ಯಾಂಕಿನಲ್ಲಿ ಕೊಳ್ಳುತ್ತಿದ್ದ ಪತ್ರಗಳು ಅವು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಆ ಯೋಜನೆಯನ್ನು ಅಸಾಂವಿಧಾನಿಕ ಎಂದು ರದ್ದುಮಾಡಿತು. ವಿವರಗಳನ್ನು ಮಾರ್ಚ್ 6ರೊಳಗೆ ಚುನಾವಣಾ ಆಯೋಗಕ್ಕೆ ಕೊಡಬೇಕೆಂದು ಸ್ಟೇಟ್ ಬ್ಯಾಂಕಿಗೆ ಆದೇಶಿಸಿತು. ಬ್ಯಾಂಕು ಜೂನ್ 30ರವರೆಗೆ ಕಾಲಾವಕಾಶ ಕೇಳಿತು. ಕೋರ್ಟು ಮಾರ್ಚ್ 11ರಂದು ಅದನ್ನು ತಳ್ಳಿಹಾಕಿ, ಮರುದಿನದ ಕೆಲಸದ ಹೊತ್ತು ಮುಗಿಯುವುದರೊಳಗೆ ಕೊಡಿ ಎಂದಿತು. ಬ್ಯಾಂಕು ‘ಸಲ್ಲಿಸಿತು’. ಆಯೋಗ ಮಾರ್ಚ್ 14ರಂದು ತನ್ನ ಜಾಲತಾಣದಲ್ಲಿ ‘ಪ್ರಕಟಿಸಿತು’. ಅಷ್ಟಾದರೂ ಯಾರ ದುಡ್ಡು ಯಾವ ಪಕ್ಷಕ್ಕೆ ಹೋಯಿತು ಎಂಬುದು ತಿಳಿಯಲಿಲ್ಲ, ಏಕೆಂದರೆ ಕೊಂಡವರದು ಒಂದು ಪಟ್ಟಿ, ನಗದು ಮಾಡಿಕೊಂಡ ಪಕ್ಷಗಳದು ಇನ್ನೊಂದು ಪಟ್ಟಿ, ನಡುವೆ ಕೊಂಡಿಯಿಲ್ಲ. ಕೋರ್ಟು ಮತ್ತೆ ಆದೇಶಿಸಿದ ಮೇಲೆ ಮಾರ್ಚ್ 21ರಂದು ಒಂದೊಂದು ಬಾಂಡಿನ ಸಂಖ್ಯೆಯೂ ಹೊರಬಂತು. ಆಗ ವರದಿಗಾರರು, ಲೆಕ್ಕ ಬಲ್ಲವರು ಎರಡು ಪಟ್ಟಿಗಳನ್ನು ಸಂಖ್ಯೆ ಹಿಡಿದು ಹೊಂದಿಸಿದರು, ಸಂಬಂಧಗಳು ‘ಬಯಲಿಗೆ ಬಂದವು’. 2019ರ ಏಪ್ರಿಲ್ 1ರಿಂದ ಮಾರಾಟವಾಗಿದ್ದ ಬಾಂಡುಗಳೇ 22,217. ಇದೆಲ್ಲವನ್ನೂ ‘ಬಾಂಡ್ ಮಾಹಿತಿ ಬಹಿರಂಗ’ ಎಂಬ ಮೂರು ಪದಗಳಲ್ಲಿ ಮುಗಿಸಿದರೆ ಆದೇಶಿಸಿದವರು, ತಡಮಾಡಿದವರು, ಪ್ರಕಟಿಸಿದವರು, ಹೊಂದಿಸಿದವರು ಎಲ್ಲರೂ ಅಳಿಸಿಹೋಗುತ್ತಾರೆ. ಅಂಥ ದಿನಗಳಲ್ಲಿ ಓದುಗರಿಗೆ ಬೇಕಾಗಿದ್ದದ್ದು ಅದೇ ವಿವರ.

ಚುನಾವಣೆಯ ಮಾತು ಬಂದದ್ದರಿಂದ ‘ಘೋಷಣೆ’ಯನ್ನೂ ಹೇಳಿಬಿಡಬೇಕು. ನಾಮಪತ್ರದ ಜೊತೆ ಅಭ್ಯರ್ಥಿ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ (ಅಫಿಡವಿಟ್ಟಿನಲ್ಲಿ) ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ವಿದ್ಯಾರ್ಹತೆಗಳ ವಿವರ ಇರುತ್ತದೆ. ಅದು ಮತದಾರರ ಹಕ್ಕು ಎಂದು ಸುಪ್ರೀಂ ಕೋರ್ಟು 2002 ಮತ್ತು 2003ರ ತೀರ್ಪುಗಳಲ್ಲಿ ಹೇಳಿತು. ಅಲ್ಲಿರುವ ಅಂಕಿಗೆ ‘ಘೋಷಿಸಿಕೊಂಡಿದ್ದಾರೆ’ ಎಂಬುದೇ ಸರಿಯಾದ ಕ್ರಿಯಾಪದ. ಆ ‘-ಕೊಂಡು’ ಬಿಡಬೇಡಿ. ಇದು ಅವರೇ ತಮ್ಮ ಬಗ್ಗೆ ಹೇಳಿದ್ದು, ಇನ್ನೂ ಯಾರೂ ತಾಳೆ ನೋಡಿಲ್ಲ ಎಂಬುದನ್ನು ಅದೊಂದೇ ತಿಳಿಸುತ್ತದೆ. ಕ್ರಿಮಿನಲ್ ಪ್ರಕರಣ ಇರುವ ಅಭ್ಯರ್ಥಿ ಅದನ್ನು ಪತ್ರಿಕೆ ಮತ್ತು ಟಿವಿಗಳಲ್ಲಿ ಕನಿಷ್ಠ ಮೂರು ಬಾರಿ ಹೇಳಬೇಕೆಂದು 2018ರಲ್ಲಿ ತೀರ್ಪಾಗಿದೆ. ಅದು ‘ಪ್ರಕಟಣೆ’.

ಮಾಹಿತಿ ಹಕ್ಕಿನ ಅರ್ಜಿ ಬರೆಯುವವರು ಇಲ್ಲಿ ಅನೇಕರಿದ್ದೀರಿ. ಒಂದು ಮಾದರಿ ವಾಕ್ಯ ನೋಡೋಣ: ‘ನಮ್ಮ ವಾರ್ಡಿನ ರಸ್ತೆ ಕಾಮಗಾರಿಯಲ್ಲಿ ನಡೆದಿರುವ ಭ್ರಷ್ಟಾಚಾರದ ಸಂಪೂರ್ಣ ಮಾಹಿತಿಯನ್ನು ಬಹಿರಂಗಪಡಿಸಬೇಕು.’ ಇದಕ್ಕೆ ‘ಅಂಥ ಮಾಹಿತಿ ಈ ಕಚೇರಿಯಲ್ಲಿ ಲಭ್ಯವಿಲ್ಲ’ ಎಂಬ ಒಂದು ಸಾಲಿನ ಉತ್ತರ ಬಂದರೆ ಆಶ್ಚರ್ಯವಿಲ್ಲ. ಹಿಂದೆ ಹೇಳಿದ ವ್ಯಾಕರಣವೇ ಇಲ್ಲಿ ಅರ್ಜಿದಾರರಿಗೆ ತಿರುಗಿ ಬೀಳುತ್ತದೆ. ಆ ವಾಕ್ಯಕ್ಕೆ ಉತ್ತರ ಕೊಟ್ಟರೆ ಅಧಿಕಾರಿ ಭ್ರಷ್ಟಾಚಾರ ನಡೆದದ್ದನ್ನು ಒಪ್ಪಿದಂತಾಗುತ್ತದೆ. ಮೇಲಾಗಿ ‘ಭ್ರಷ್ಟಾಚಾರ’ ಎಂಬ ಹೆಸರಿನ ಕಡತ ಯಾವ ಕಪಾಟಿನಲ್ಲೂ ಇರುವುದಿಲ್ಲ. ಕಾಯ್ದೆ ಕೊಡುವುದು ಕಚೇರಿಯಲ್ಲಿರುವ ದಾಖಲೆಯನ್ನು, ಅಧಿಕಾರಿಯ ಅಭಿಪ್ರಾಯವನ್ನಲ್ಲ.

ಅದನ್ನೇ ಹೀಗೆ ಬರೆಯಬಹುದು: ‘2023-24ನೇ ಸಾಲಿನಲ್ಲಿ ಇಂಥ ವಾರ್ಡಿನ ಇಂಥ ರಸ್ತೆಗೆ ಡಾಂಬರು ಹಾಕಿದ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು ಮತ್ತು ಪಾವತಿಯಾದ ಬಿಲ್ಲುಗಳ ದೃಢೀಕೃತ ಪ್ರತಿಗಳನ್ನು ಕೊಡಬೇಕು.’ ಅಂದಾಜು ಪಟ್ಟಿಯಲ್ಲಿ ಡಾಂಬರಿನ ದಪ್ಪ ಎಷ್ಟಿರಬೇಕು ಎಂದಿರುತ್ತದೆ, ಅಳತೆ ಪುಸ್ತಕದಲ್ಲಿ ಎಷ್ಟು ಹಾಕಿದರೆಂದು ಬರೆದಿರುತ್ತದೆ, ಬಿಲ್ಲಿನಲ್ಲಿ ಎಷ್ಟಕ್ಕೆ ದುಡ್ಡು ಕೊಟ್ಟರೆಂದು ಇರುತ್ತದೆ. ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸವಿದ್ದರೆ ತಾನೇ ಕಾಣುತ್ತದೆ. ಅನುಮಾನ ಉಳಿದರೆ ಕಲಂ 2(ಜೆ) ಪ್ರಕಾರ ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವುದಕ್ಕೂ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದಕ್ಕೂ ಹಕ್ಕಿದೆ. ಬಯಲಿಗೆ ತರುವ ಕೆಲಸ ಅರ್ಜಿದಾರರದು, ಪ್ರತಿ ಕೊಡುವ ಕೆಲಸ ಕಚೇರಿಯದು. ಎರಡನ್ನೂ ಒಂದೇ ಕ್ರಿಯಾಪದದಲ್ಲಿ ತುರುಕಬಾರದು.

ಉಳಿದದ್ದು ನಿಮಗೆ ಗೊತ್ತಿರುವುದೇ, ಬೇಗ ಹೇಳುತ್ತೇನೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಆ 150ರಲ್ಲಿ ಬಹಿರಂಗ, ಸಂಪೂರ್ಣ, ಸಮಗ್ರ ಎಂಬವಕ್ಕೆ ಜಾಗ ಕೊಡಬೇಡಿ. ಕಾರಣ ಹೇಳಬೇಕಾಗಿಲ್ಲ, ಕಲಂ 6(2) ಹಾಗೇ ಹೇಳುತ್ತದೆ. ಉತ್ತರಕ್ಕೆ 30 ದಿನ, ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಅವಧಿ ಮೀರಿದರೆ ನಿರಾಕರಿಸಿದಂತೆಯೇ ಲೆಕ್ಕ, ಆಮೇಲೆ ಕೊಡುವ ಪ್ರತಿಗೆ ದುಡ್ಡು ಕೇಳುವಂತಿಲ್ಲ. ಮೊದಲ ಮೇಲ್ಮನವಿಗೆ 30 ದಿನ, ಎರಡನೆಯದಕ್ಕೆ 90 ದಿನ. ದಾಖಲೆಯ ಒಂದು ಭಾಗ ಕೊಡಬಾರದ್ದಾದರೆ ಅಷ್ಟನ್ನು ಮುಚ್ಚಿ ಉಳಿದದ್ದನ್ನು ಕೊಡಬೇಕು, ಅದು ಕಲಂ 10. ಒಂದು ಸಾಲಿನ ನೆಪದಲ್ಲಿ ಇಡೀ ಕಡತ ನಿರಾಕರಿಸಿದ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬಂದರೆ ಮೇಲ್ಮನವಿಯಲ್ಲಿ ಈ ಕಲಮನ್ನೇ ಹಿಡಿಯಿರಿ. ಕಲಂ 4(1)(ಬಿ) ಅಡಿ 17 ಬಗೆಯ ಮಾಹಿತಿಯನ್ನು ಯಾರೂ ಕೇಳದೆಯೇ ಕಚೇರಿ ಪ್ರಕಟಿಸಬೇಕು. ಅರ್ಜಿ ಹಾಕುವ ಮುಂಚೆ ಅದನ್ನು ನೋಡಿ.

ಕೊನೆಯದಾಗಿ, ಬಹಿರಂಗಪಡಿಸಬಾರದ್ದು. ಭಾರತೀಯ ನ್ಯಾಯ ಸಂಹಿತೆಯ ಕಲಂ 72ರ ಪ್ರಕಾರ ಅತ್ಯಾಚಾರ ಸಂತ್ರಸ್ತೆಯ ಗುರುತು ಹೊರಗೆ ಹಾಕಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಮಕ್ಕಳ ವಿಷಯದಲ್ಲಿ ಪೋಕ್ಸೋದ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆಯ) ಕಲಂ 23, ಬಾಲನ್ಯಾಯ ಕಾಯ್ದೆಯ ಕಲಂ 74 ಇವೆ. ಹೆಸರು ಬರೆಯಲಿಲ್ಲ ಎಂದ ಮಾತ್ರಕ್ಕೆ ಪಾರಾದೆವು ಎಂದುಕೊಳ್ಳಬೇಡಿ. ದೂರದಿಂದಲಾದರೂ ಗುರುತು ಹಿಡಿಯಬಹುದಾದ ಯಾವ ಸಂಗತಿಯನ್ನೂ ಹೇಳಬಾರದು ಎಂದು ಸುಪ್ರೀಂ ಕೋರ್ಟು 2018ರ ಡಿಸೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ.

ಮಹಾನಗರದಲ್ಲಿ ‘ಖಾಸಗಿ ಶಾಲೆಯ ಒಂಬತ್ತನೇ ತರಗತಿ ವಿದ್ಯಾರ್ಥಿನಿ’ ಎಂದರೆ ಸಾವಿರಾರು ಜನ. ಗದಗ ಜಿಲ್ಲೆಯ ಒಂದು ಸಣ್ಣ ಹಳ್ಳಿಯಲ್ಲಿ ಆ ತರಗತಿಯಲ್ಲಿ ಇರುವುದೇ ಹತ್ತು ಹನ್ನೆರಡು ಹುಡುಗಿಯರು. ‘ಹಿಟ್ಟಿನ ಗಿರಣಿ ಇಟ್ಟುಕೊಂಡವರ ಮಗಳು’ ಎಂದು ಸೇರಿಸಿದರೆ ಉಳಿಯುವುದು ಒಬ್ಬಳೇ. ಒಂದು ಪೇಪರು ಊರು ಬಿಟ್ಟು ತರಗತಿ ಬರೆಯುತ್ತದೆ, ಇನ್ನೊಂದು ತರಗತಿ ಬಿಟ್ಟು ಊರು ಬರೆಯುತ್ತದೆ, ಎರಡನ್ನೂ ಚಹಾದಂಗಡಿಯಲ್ಲಿ ಓದಿದವರಿಗೆ ಮನೆಯ ಬಾಗಿಲೇ ಗೊತ್ತಾಗುತ್ತದೆ. ಆದ್ದರಿಂದ ಊರು, ಶಾಲೆ, ತರಗತಿ, ತಂದೆತಾಯಿಯ ಉದ್ಯೋಗ, ಓಣಿ, ಮನೆಯ ಚಿತ್ರ, ಇಷ್ಟನ್ನೂ ತೆಗೆಯಿರಿ. ಜಿಲ್ಲೆಯ ಹೆಸರು ಇರಲಿ, ತಾಲೂಕು ಸಣ್ಣದಾದರೆ ಅದೂ ಬೇಡ. ಜಾತ್ರೆಯ ದಿನ ನಡೆದದ್ದು ಎಂದು ಬರೆದರೆ ಊರು ಬರೆದಂತೆಯೇ. ಆರೋಪಿ ಆ ಹುಡುಗಿಯ ಸಂಬಂಧಿಯಾಗಿದ್ದರೆ ಅವನ ಹೆಸರನ್ನೂ ಸಂಬಂಧವನ್ನೂ ಒಟ್ಟಿಗೆ ಬರೆಯಬೇಡಿ. ಹೆಸರು ಈಗಾಗಲೇ ಬೇರೆ ಕಡೆ ಬಂದಿದ್ದರೆ ಸಂಬಂಧ ಬಿಡಿ. ಪ್ರತಿಯನ್ನು ಪುಟಕ್ಕೆ ಕಳಿಸುವ ಮುಂಚೆ ಆ ತಾಲೂಕಿನ ಬಾತ್ಮೀದಾರರಿಗೆ ಓದಿ ಹೇಳಿ, ಇದು ಯಾವ ಊರು ಎಂದು ಕೇಳಿ. ಅವರು ಊರಿನ ಹೆಸರು ಹೇಳಿದರೆ ಇನ್ನೊಂದು ಸಾಲು ತೆಗೆದು ಮತ್ತೆ ಓದಿ.